ರುಜು ಗಿರಾಕಿಯದು, ಸಾಲ ದಲ್ಲಾಳಿಯದು!

“ನೀವು ದುಡಿಯಿರಿ, ನಿಮ್ಮ ಹಣ ನಾವು ನೋಡಿಕೊಳ್ಳುತ್ತೇವೆ, ಇಲ್ಲೊಂದು ರುಜು ಹಾಕಿ” – ಇದು ಷೇರು ದಲ್ಲಾಳಿ ಕಂಪನಿಗಳ ಸಲಹೆಗಾರರ ಮಾತು. ಗಿರಾಕಿಗೆ ಲಾಭವಾಗಲಿ ನಷ್ಟವಾಗಲಿ, ಕೊಂಡರೂ ಮಾರಿದರೂ ದಲ್ಲಾಳಿ ತಪ್ಪದು. ಅದಾದರೂ ಇರಲಿ. ಹೈದರಾಬಾದಿನ ಕಾರ್ವಿ ಕಂಪನಿ ಆ ರುಜುವಿನ ಮುಖ್ತ್ಯಾರ ಪತ್ರ ಹಿಡಿದು, 95,000ಕ್ಕೂ ಹೆಚ್ಚು ಗಿರಾಕಿಗಳ 2,000 ಕೋಟಿ ರೂಪಾಯಿ ಮೀರಿದ ಷೇರುಗಳನ್ನು ತನ್ನ ಸಾಲಕ್ಕೆ ಅಡವಿಟ್ಟಿತು! 2019ರ ನವೆಂಬರಿನಲ್ಲಿ ಸೆಬಿ ತಡೆದು, ಬಹುಮಂದಿಗೆ ಷೇರು ಮರಳಿತು, ನಿಜ. ಮರಳಿಸಿದ್ದೇ ತಪ್ಪೆಂದು ಸಾಲ ಕೊಟ್ಟ ಬ್ಯಾಂಕುಗಳು ಮೇಲ್ಮನವಿ ಹೂಡಿದವು!

ಗಿರಣಿಯಲ್ಲಿ ಒಂದು ಲಡಿ ನೂಲು ಬಚ್ಚಿಟ್ಟವನಿಗೆ ಅಂದೇ ಗೇಟು ಬಂದ್. ಕಾರ್ವಿ ಅಧ್ಯಕ್ಷನ ಬಂಧನಕ್ಕೆ 2021ರ ಆಗಸ್ಟ್ ಬರಬೇಕಾಯಿತು; ಅದೂ ಬ್ಯಾಂಕೊಂದರ ದೂರಿನ ಮೇಲೆ. ಗಿರಾಕಿಗಳ ದೂರು ಅಲ್ಲಿಯವರೆಗೆ ಯಾವ ಮೇಜಿನ ಮೇಲೆ ಮಲಗಿತ್ತು, ಸ್ವಾಮಿ?