ಗಾಲಿಕುರ್ಚಿಗೆ ಜಾಗವೆಲ್ಲಿ?

ಖಾನಾಪುರದ ವೃದ್ಧೆಯೊಬ್ಬರು ಕಾಲಿನ ಶಕ್ತಿ ಕುಂದಿ ಗಾಲಿಕುರ್ಚಿಯನ್ನು ಆಶ್ರಯಿಸಿದ್ದಾರೆಂದೂ, ಚಿಕಿತ್ಸೆಗಾಗಿ ತಿಂಗಳಿಗೊಮ್ಮೆ ಬೆಳಗಾವಿಯ ಆಸ್ಪತ್ರೆಗೆ ಬರಬೇಕಾಗಿದೆಯೆಂದೂ ವಾಚಕರು ಭಾವಿಸಿಕೊಳ್ಳಲಿ. ದಾರಿ ಸುಮಾರು ೨೫ ಕಿಲೋಮೀಟರು. ಕಾಲು ನೆಟ್ಟಗಿರುವವರಿಗೆ ಅದೇನೂ ದೊಡ್ಡ ಮಾತಲ್ಲ. ಬಸ್ಸುಂಟು, ರೈಲುಂಟು. ಆದರೆ ಬಸ್ಸಿನ ಮೆಟ್ಟಿಲು ಎತ್ತರ, ರೈಲಿನ ಮೆಟ್ಟಿಲು ಅದಕ್ಕಿಂತ ಕಡಿದು. ಆದ್ದರಿಂದ ಮಗನು ಬಾಡಿಗೆಯ ಕಾರನ್ನು ಗೊತ್ತುಮಾಡುತ್ತಾನೆ. ಕಾರು ಬರುತ್ತದೆ. ಚಾಲಕನೂ ಸಜ್ಜನನೇ, ಇಳಿದು ಬಂದವನು ಕುರ್ಚಿಯನ್ನು ಕಂಡು ತಡೆದು ನಿಲ್ಲುತ್ತಾನೆ.

“ಕುರ್ಚಿ ಎಲ್ಲಿಡೂದ್ರಿ? ಡಿಕ್ಕಿಯೊಳಗ ಗ್ಯಾಸಿನ ಟಾಕಿ ಐತಿ.”

ಸಮಸ್ಯೆಯ ತಿರುಳೆಲ್ಲ ಈ ಪ್ರಶ್ನೆಯಲ್ಲಿದೆ. ಪೆಟ್ರೋಲಿನ ವೆಚ್ಚ ತಾಳಲಾರದೆ ಬಾಡಿಗೆಯ ಸಣ್ಣ ಕಾರುಗಳಲ್ಲಿ ಅನೇಕವು ಸಿ.ಎನ್.ಜಿ.ಗೆ ತಿರುಗಿವೆ, ಅದರ ಸಿಲಿಂಡರು ಡಿಕ್ಕಿಯ ಬಹುಭಾಗವನ್ನು ಆಕ್ರಮಿಸಿರುತ್ತದೆ. ಮಡಿಸಿದ ಕುರ್ಚಿಯೂ ಅಲ್ಲಿ ಹಿಡಿಸದು. ಕೊನೆಗೆ ಅದನ್ನು ಕಾರಿನ ಮೇಲೆ ಹಗ್ಗದಿಂದ ಕಟ್ಟಬೇಕು, ಇಲ್ಲವೆ ಹಿಂದಿನ ಸೀಟಿನಲ್ಲಿ ಒರಗಿಸಿ ಮಗನು ಬಸ್ಸು ಹಿಡಿಯಬೇಕು. ವೃದ್ಧೆಯನ್ನು ಇಬ್ಬರು ಕಂಕುಳಿಗೆ ಕೈಕೊಟ್ಟು ಎತ್ತಿ ಕೂಡಿಸುತ್ತಾರೆ. ಓಣಿಯವರು ಬಾಗಿಲಲ್ಲಿ ನಿಂತು ನೋಡುತ್ತಿರುತ್ತಾರೆ. ಆ ಎರಡು ನಿಮಿಷಗಳ ಸಂಕೋಚವನ್ನು ತಪ್ಪಿಸಿಕೊಳ್ಳಲೆಂದೇ “ಈ ತಿಂಗಳ ಬ್ಯಾಡಪ್ಪಾ, ಮುಂದಿನ ತಿಂಗಳ ಹೋಗೂಣು” ಎಂದು ಚಿಕಿತ್ಸೆಯನ್ನು ಮುಂದೂಡುವವರುಂಟು. ರೋಗವು ಮಾತ್ರ ಮುಂದಿನ ತಿಂಗಳಿಗಾಗಿ ಕಾಯುವುದಿಲ್ಲ.

ಕಿವಿ ಕೇಳದವರ ತೊಂದರೆ ಬೇರೊಂದು ಬಗೆಯದು. ಮೊಬೈಲಿನಿಂದ ಕಾರನ್ನು ಕರೆಸಿದೊಡನೆ ಚಾಲಕನು ಫೋನು ಮಾಡಿ “ಎಲ್ಲಿ ನಿಂತೀರಿ?” ಎನ್ನುತ್ತಾನೆ, ಉತ್ತರ ಬಾರದಿದ್ದರೆ ಬಾಡಿಗೆಯನ್ನು ರದ್ದುಮಾಡಿ ಹೊರಟುಹೋಗುತ್ತಾನೆ. ದೃಷ್ಟಿಯಿಲ್ಲದವರಿಗೆ, ಸಾಲಾಗಿ ನಿಂತ ಕಾರುಗಳಲ್ಲಿ ತಮ್ಮದು ಯಾವುದೆಂದು ಹೇಳುವವರಿಲ್ಲ. ಇವಕ್ಕೆ ಯಂತ್ರವೂ ಬೇಡ, ಹಣವೂ ಬೇಡ. ಚಾಲಕರಿಗೆ ಅರ್ಧ ದಿನದ ಶಿಕ್ಷಣ ಸಾಕು.

ಕಾಯಿದೆಯಿಲ್ಲವೆ? ಉಂಟು. ೨೦೧೬ರ ಅಂಗವಿಕಲರ ಹಕ್ಕುಗಳ ಅಧಿನಿಯಮದ ೪೧ನೆಯ ಕಲಮು ಎಲ್ಲ ಬಗೆಯ ಸಾರಿಗೆಯೂ ಇವರಿಗೆ ಸುಲಭವಾಗುವಂತೆ ಕ್ರಮ ಕೈಕೊಳ್ಳಬೇಕೆಂದು ಸರಕಾರಕ್ಕೆ ವಿಧಿಸಿದೆ. ಆದರೆ ಅದರ ಕೆಳಗಿನ ನಿಯಮವು ಕಟ್ಟಳೆಯಾಗದೆ ಬರಿಯ ಸಲಹೆಯಂತಿದೆಯೆಂದು ಸರ್ವೋಚ್ಚ ನ್ಯಾಯಾಲಯವು ೨೦೨೪ರ ನವೆಂಬರಿನಲ್ಲಿ ಆಕ್ಷೇಪಿಸಿ, ಮೂರು ತಿಂಗಳೊಳಗಾಗಿ ಕಡ್ಡಾಯದ ನಿಯಮಗಳನ್ನು ರಚಿಸಬೇಕೆಂದು ಆಜ್ಞಾಪಿಸಿತು. ಸಲಹೆಗೂ ಕಟ್ಟಳೆಗೂ ಇರುವ ಅಂತರವನ್ನು ಲಂಡನ್ನಿನಲ್ಲಿ ಕಾಣಬೇಕು. ಅಲ್ಲಿಯ ಕರಿಯ ಟ್ಯಾಕ್ಸಿಗಳೆಲ್ಲವೂ ೨೦೦೦ದಿಂದೀಚೆಗೆ ಗಾಲಿಕುರ್ಚಿಯನ್ನು ಕುಳಿತವರ ಸಮೇತ ಒಳಗೆ ಕರೆದುಕೊಳ್ಳುವಂಥವು. ಹಾಗಿಲ್ಲದ ಕಾರಿಗೆ ಪರವಾನಗಿಯೇ ಇಲ್ಲ. ಚಾಲಕರ ಕರುಣೆಯನ್ನು ಅಲ್ಲಿ ಯಾರೂ ನೆಚ್ಚಿ ಕುಳಿತಿಲ್ಲ. ನಮ್ಮ ಬೆಂಗಳೂರಿನಲ್ಲಿಯೂ ೨೦೧೭ರಲ್ಲಿ ಊಬರ್ ಸಂಸ್ಥೆಯು ಇಂಥ ಸೇವೆಯನ್ನು ಆರಂಭಿಸಿತ್ತು.

ಬೆಳಗಾವಿಯೇನು ಹಿಂದುಳಿದ ಊರಲ್ಲ. ಸ್ಮಾರ್ಟ್ ಸಿಟಿಗಳ ೨೦೧೬ರ ಮೊದಲ ಪಟ್ಟಿಯಲ್ಲಿಯೇ ಅದರ ಹೆಸರಿತ್ತು. ಸಾವಿರ ಕಾರುಗಳನ್ನು ಯಾರೂ ಕೇಳುತ್ತಿಲ್ಲ. ಹಿಂದಿನ ಬಾಗಿಲಿಗೆ ಇಳಿಜಾರಿನ ಹಲಗೆಯೊಂದು, ನೆಲಕ್ಕೆ ಕುರ್ಚಿಯನ್ನು ಬಿಗಿಯುವ ಪಟ್ಟಿಗಳು, ಇಷ್ಟುಳ್ಳ ಹತ್ತು ವಾಹನಗಳು ರೈಲು ನಿಲ್ದಾಣ, ಕೇಂದ್ರ ಬಸ್ ನಿಲ್ದಾಣ, ಸಾಂಬ್ರಾ ವಿಮಾನ ನಿಲ್ದಾಣ ಮತ್ತು ಆಸ್ಪತ್ರೆಗಳ ಬಳಿ ನಿಂತರೆ ಕೆಲಸ ಆರಂಭವಾದಂತೆಯೇ. ಅವುಗಳ ತೆರಿಗೆಯನ್ನು ತಗ್ಗಿಸಿ, ಹೆಚ್ಚಿನ ಬಾಡಿಗೆ ಕೇಳಕೂಡದೆಂಬ ಷರತ್ತನ್ನು ಪರವಾನಗಿಯಲ್ಲಿಯೇ ಬರೆದಿಡಬಹುದು. ಡಿಸೆಂಬರ್ ೩ರ ಅಂಗವಿಕಲರ ದಿನದಂದು ನಾಡಿನಲ್ಲೆಲ್ಲ ಭಾಷಣಗಳಾಗುತ್ತವೆ, ಗಾಲಿಕುರ್ಚಿಗಳನ್ನು ಹಂಚುತ್ತಾರೆ, ಭಾವಚಿತ್ರ ತೆಗೆಸುತ್ತಾರೆ. ಕುರ್ಚಿ ಪಡೆದವರು ಅದನ್ನು ಮನೆಗೆ ಹೇಗೆ ಒಯ್ದರೆಂದು ವಿಚಾರಿಸಿದವರು ವಿರಳ.

ಖಾನಾಪುರದ ಮಳೆ ಹೆಸರಾದುದು. ಆಷಾಢದ ಸಂಜೆ ಆ ವೃದ್ಧೆ ಊರಿಗೆ ಮರಳುವ ಹೊತ್ತಿಗೆ ಕಾರಿನ ಮೇಲೆ ಕಟ್ಟಿದ ಕುರ್ಚಿ ತೊಯ್ದು ತೊಪ್ಪೆಯಾಗಿರುತ್ತದೆ. ಅದು ಆರುವವರೆಗೆ ಅವರಿಗೆ ಹಾಸಿಗೆಯೇ ಗತಿ.