ಸ್ಥಿರಚಿತ್ರಕ್ಕೆ ಮುಂದೆ ಬಾಳುಂಟೆ?

ಖಾನಾಪುರ ತಾಲೂಕಿನ ಹಲಸಿಯು ಒಂದು ಕಾಲಕ್ಕೆ ಪಲಾಶಿಕೆಯೆಂಬ ಹೆಸರಿನಿಂದ ಕದಂಬರ ರಾಜಧಾನಿಗಳಲ್ಲೊಂದಾಗಿ ಮೆರೆದ ಊರು. ಅಲ್ಲಿಯ ಭೂವರಾಹ ನರಸಿಂಹ ದೇವಾಲಯವು 12ನೆಯ ಶತಮಾನದ್ದು, ಗೋವೆಯ ಕದಂಬರ ಕಾಲದ್ದು. ಅದರ ಎರಡು ಗರ್ಭಗೃಹಗಳು ಎದುರುಬದುರಾಗಿವೆ. ನಡುವೆ ನಿಂತು ಒಂದನ್ನು ನೋಡಹೊರಟವನು ಇನ್ನೊಂದಕ್ಕೆ ಬೆನ್ನು ಹಾಕಲೇಬೇಕು. ಸ್ಥಿರಚಿತ್ರದ ಕಷ್ಟವೂ ಇದೇ. ನಮ್ಮ ಮತದಲ್ಲಿ ಅದರ ಕಲೆಯೂ ಇದೇ. ಚಲಚ್ಚಿತ್ರದ ಕ್ಯಾಮರಾ ಸುತ್ತಲೂ ತಿರುಗಿ ಎರಡನ್ನೂ ತೋರಿಸಬಲ್ಲದು. ಛಾಯಾಗ್ರಾಹಕನಾದರೋ ಒಂದನ್ನು ಆರಿಸಬೇಕು, ಒಂದನ್ನು ಬಿಡಬೇಕು; ಬಿಸಿಲು ಕಂಬದ ಯಾವ ಅಂಚನ್ನು ಮುಟ್ಟಿದಾಗ ಗುಂಡಿ ಒತ್ತಬೇಕೆಂದು ಕಾದು ನಿಲ್ಲಬೇಕು.

ಈ ಕಲೆಗೆ ಇನ್ನು ಬಾಳಿಲ್ಲವೆನ್ನುವವರು ಹಲವರಿದ್ದಾರೆ. ಅವರ ಭಯ ಹುರುಳಿಲ್ಲದ್ದಲ್ಲ. ಇಂದಿನ ಮೊಬೈಲು ಒಂದೇ ಒತ್ತಿಗೆ ಹಲವು ಚಿತ್ರಗಳನ್ನು ಕ್ಷಣಾರ್ಧದಲ್ಲಿ ತೆಗೆದು, ಅವನ್ನು ಬೆಸೆದು, ನೆರಳನ್ನು ತಿಳಿಗೊಳಿಸಿ ಕೊಡುತ್ತದೆ. ಗರ್ಭಗೃಹದ ಕತ್ತಲೆಗೂ ಉಳಿಗಾಲವಿಲ್ಲ! ಕೃತಕ ಬುದ್ಧಿಮತ್ತೆಗಂತೂ ದೇವಾಲಯವೇ ಬೇಡ. ಅಸಂಖ್ಯ ಚಿತ್ರಗಳಿಂದ ರೂಪ, ಬಣ್ಣಗಳ ಸಂಬಂಧವನ್ನು ಲೆಕ್ಕಹಾಕಿ ಕಲಿತ ಅದು, ಎಲ್ಲಿಯೂ ಇಲ್ಲದ ಗುಡಿಯೊಂದನ್ನು ನಂಬುವಂತೆ ರಚಿಸುತ್ತದೆ. 2023ರಲ್ಲಿ ಸೋನಿ ವಿಶ್ವ ಛಾಯಾಗ್ರಹಣ ಸ್ಪರ್ಧೆಯ ಒಂದು ವಿಭಾಗದಲ್ಲಿ ಗೆದ್ದ ಜರ್ಮನಿಯ ಬೋರಿಸ್ ಎಲ್ಡಾಗ್ಸೆನ್, ತಮ್ಮ ಕೃತಿ ಕೃತಕ ಬುದ್ಧಿಮತ್ತೆಯಿಂದಾದುದೆಂದು ಸಾರಿ ಬಹುಮಾನವನ್ನು ನಿರಾಕರಿಸಿದರು.

ಅಂಥ ಚಿತ್ರ ಸುಂದರವಾಗಿರಬಹುದು. ಅದನ್ನು ವರ್ಣಚಿತ್ರದ ಸಾಲಿನಲ್ಲಿಟ್ಟು ಮೆಚ್ಚೋಣ. ಆದರೆ ಅದಕ್ಕೆ ಸ್ಥಳವಿಲ್ಲ, ಗಳಿಗೆಯಿಲ್ಲ. ಇವೆರಡರ ಬೆಲೆಯನ್ನು ಹಂಪೆಯಲ್ಲಿ ಕಾಣಬಹುದು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿ ಮೇಣ ಸವರಿದ ಕಾಗದದ ನೆಗೆಟಿವ್‌ಗಳಲ್ಲಿ ಅಲ್ಲಿಯ ಕಟ್ಟಡಗಳನ್ನು ಸೆರೆಹಿಡಿದನು. ವಿಠ್ಠಲ ದೇವಾಲಯದ ಕಲ್ಲಿನ ರಥಕ್ಕೆ ಆಗ ಇಟ್ಟಿಗೆಯ ಶಿಖರವಿತ್ತು; ಇಂದು ಅದಿಲ್ಲ, ಆ ಚಿತ್ರದಲ್ಲಿದೆ. 1983ರಲ್ಲಿ ಆಸ್ಟ್ರೇಲಿಯದ ಜಾನ್ ಗೋಲಿಂಗ್ಸ್ ಅವೇ ಸ್ಥಳಗಳಲ್ಲಿ ನಿಂತು ಮತ್ತೆ ಚಿತ್ರ ತೆಗೆದರು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುವವನಿಗೆ ನೂರಿಪ್ಪತ್ತೇಳು ವರ್ಷಗಳ ಮಳೆಬಿಸಿಲು ಲೆಕ್ಕಕ್ಕೆ ಸಿಗುತ್ತದೆ. ಕಲ್ಪಿತ ಗುಡಿಗೆ ಇಂಥ ಜೋಡಿಯನ್ನು ಎಲ್ಲಿಂದ ತರುವುದು?

ಆದುದರಿಂದ ಕಾಲೇಜುಗಳ ಛಾಯಾಚಿತ್ರ ಸ್ಪರ್ಧೆಗಳಲ್ಲಿ ಚಿತ್ರದೊಡನೆ ಸಂಸ್ಕರಿಸದ ಮೂಲ ಫೈಲನ್ನೂ, ತೆಗೆದ ಸ್ಥಳ ಮತ್ತು ವೇಳೆಯನ್ನೂ ಕೇಳಬೇಕೆಂಬುದು ನಮ್ಮ ಅಭಿಪ್ರಾಯ. ಬೆಳಗಾವಿಯ ಇಲ್ಲವೆ ಖಾನಾಪುರದ ವಿದ್ಯಾರ್ಥಿಗಳು ಹಲಸಿಯ ದೇವಾಲಯವನ್ನು ಗುರುತುಹಾಕಿದ ಒಂದೇ ಜಾಗದಿಂದ ವರ್ಷಕ್ಕೊಮ್ಮೆ ಚಿತ್ರಿಸುತ್ತ ಬರಬಾರದೇಕೆ? ದುಬಾರಿ ಕ್ಯಾಮರಾ ಬೇಕಿಲ್ಲ, ಮೊಬೈಲು ಸಾಕು. ಅದು ತಾನಾಗಿ ಮಾಡುವ ತಿದ್ದುಪಡಿಗಳನ್ನು ಆದಷ್ಟು ನಿಲ್ಲಿಸಿಟ್ಟುಕೊಳ್ಳಬೇಕು, ಅಷ್ಟೆ.