ಎಲ್ಲಾ ಚೆನ್ನಾಗಿದೆ: ಪರರ ಪ್ರಭುವನ್ನು ಕಂಡು ನಗುವವರು

ಹ್ಯೂಸ್ಟನ್ನಿನ ದಕ್ಷಿಣ ಅಂಚಿನ ಪೇರ್ಲ್ಯಾಂಡಿನಲ್ಲಿ ಶನಿವಾರಕ್ಕೆ ತನ್ನದೇ ಆದ ದಿನಚರಿಯಿದೆ. ಬೆಳಗ್ಗೆ ಮಕ್ಕಳ ಸಂಗೀತ ಪಾಠ, ಸಂಜೆ ಮೀನಾಕ್ಷಿ ದೇವಸ್ಥಾನ, ರಾತ್ರಿ ಯಾರದಾದರೂ ಮನೆಯಲ್ಲಿ ಊಟ. ಮಕ್ಕಳು ಮಹಡಿ ಹತ್ತಿದ ಮೇಲೆ ದೊಡ್ಡವರು ಟಿ.ವಿ.ಯ ಮುಂದೆ ಕೂರುತ್ತಾರೆ. ಇಂಥ ಹೊತ್ತಿನಲ್ಲಿ ಯಾರಾದರೂ ಬ್ರಿಟನ್ನಿನ ‘ಹ್ಯಾವ್ ಐ ಗಾಟ್ ನ್ಯೂಸ್ ಫಾರ್ ಯೂ’ ಕಾರ್ಯಕ್ರಮದ ತುಣುಕೊಂದನ್ನು ಯೂಟ್ಯೂಬಿನಲ್ಲಿ ಹುಡುಕಿ ಹಾಕಿದರೆ ಕೋಣೆ ತುಂಬ ನಗು. “ಪ್ರಧಾನಿಯನ್ನೇ ಹೀಗೆ ಗೇಲಿ ಮಾಡಬಹುದಾದ ದೇಶ ನೋಡಿ ಅದು” ಎಂಬ ಮೆಚ್ಚುಗೆಯೂ ಕೇಳಿಬರುತ್ತದೆ. ಅದೇ ಪರದೆಯ ಮೇಲೆ, ಅದೇ ಧಾಟಿಯಲ್ಲಿ, ದೆಹಲಿಯ ಪ್ರಧಾನಿಯನ್ನು ಕುರಿತ ತುಣುಕು ಬಂದಿತೆನ್ನಿ. ಒಬ್ಬರು ನೀರು ತರಲು ಏಳುತ್ತಾರೆ, ಇನ್ನೊಬ್ಬರು ಫೋನ್ ನೋಡತೊಡಗುತ್ತಾರೆ, ಮತ್ತೊಬ್ಬರು “ಇದೆಲ್ಲ ಈಗ ಯಾಕೆ?” ಎನ್ನುತ್ತಾರೆ. ಈ ಎರಡು ಗಳಿಗೆಗಳ ನಡುವಿನ ಅಂತರದಲ್ಲಿ ವಲಸಿಗರ ರಾಜಕಾರಣದ ಮುಖ್ಯ ಪ್ರಶ್ನೆಯೊಂದು ಅಡಗಿದೆ.

ಆ ಕಾರ್ಯಕ್ರಮದ ರಚನೆ ಸರಳವಾದುದು. 1990ರ ಸೆಪ್ಟೆಂಬರ್‌ನಲ್ಲಿ ಬಿಬಿಸಿಯಲ್ಲಿ ಆರಂಭವಾದ ಅದರಲ್ಲಿ ಇಬ್ಬಿಬ್ಬರ ಎರಡು ತಂಡಗಳು ವಾರದ ಸುದ್ದಿಯನ್ನು ಮುಂದಿಟ್ಟುಕೊಂಡು ರಸಪ್ರಶ್ನೆಯ ನೆಪದಲ್ಲಿ ಅಧಿಕಾರಸ್ಥರನ್ನು ಕಟಕಿಯಾಡುತ್ತವೆ. ಒಂದು ತಂಡಕ್ಕೆ ‘ಪ್ರೈವೇಟ್ ಐ’ ಪತ್ರಿಕೆಯ ಸಂಪಾದಕ ಇಯಾನ್ ಹಿಸ್ಲಪ್, ಇನ್ನೊಂದಕ್ಕೆ ಹಾಸ್ಯನಟ ಪಾಲ್ ಮರ್ಟನ್ ನಾಯಕರು. ಎಷ್ಟೋ ವಾರ ಸಂಸದರೇ ಅತಿಥಿಗಳಾಗಿ ಬಂದು ತಮ್ಮ ಗೇಲಿಯನ್ನು ಎದುರಿಗೇ ಕೇಳಿಸಿಕೊಳ್ಳುತ್ತಾರೆ. 1993ರಲ್ಲಿ ಲೇಬರ್ ಪಕ್ಷದ ಹಿರಿಯ ನಾಯಕ ರಾಯ್ ಹ್ಯಾಟರ್ಸ್ಲಿ ಮೂರನೆಯ ಬಾರಿಯೂ ಒಪ್ಪಿ ಬಾರದೇ ಹೋದಾಗ ಅವರ ಕುರ್ಚಿಯ ಮುಂದೆ ಒಂದು ಡಬ್ಬಿ ಹಂದಿಕೊಬ್ಬನ್ನು ಇಟ್ಟು ಕಾರ್ಯಕ್ರಮ ನಡೆಸಲಾಯಿತು. 2002ರಲ್ಲಿ ನಿರೂಪಕ ಆಂಗಸ್ ಡೇಟನ್ನರ ಖಾಸಗಿ ಬದುಕು ಪತ್ರಿಕೆಗಳ ಮುಖಪುಟಕ್ಕೆ ಬಂದಾಗ ಸಹೋದ್ಯೋಗಿಗಳು ಅದೇ ವೇದಿಕೆಯಲ್ಲಿ, ಅವರ ಮುಂದೆಯೇ, ಅವರನ್ನು ಹಾಸ್ಯಕ್ಕೆ ಒಡ್ಡಿದರು. ಅದೇ ವರ್ಷ ಡೇಟನ್ ಕೆಲಸ ಕಳೆದುಕೊಂಡರು. ಗೇಲಿಗೆ ಗುರಿಯಾದವನು ಕೋಣೆಯೊಳಗೇ ಇರಬೇಕು, ಗೇಲಿ ಮಾಡುವವನೂ ಅದರಿಂದ ಹೊರತಲ್ಲ ಎಂಬುದು ಈ ಬಗೆಯ ವಿಡಂಬನೆಯ ಬರೆಯದ ನಿಯಮ. 2024ರ ಸೆಪ್ಟೆಂಬರ್‌ನಲ್ಲಿ ಸಿಎನ್ಎನ್ ವಾಹಿನಿ ಇದರ ಅಮೆರಿಕದ ಆವೃತ್ತಿಯನ್ನು ರಾಯ್ ವುಡ್ ಜೂನಿಯರ್ ನಿರೂಪಣೆಯಲ್ಲಿ ಆರಂಭಿಸಿದ ಮೇಲೆ ಟೆಕ್ಸಾಸಿನ ಮನೆಗಳಿಗೂ ಅದು ಶನಿವಾರ ರಾತ್ರಿಯೇ ತಲುಪತೊಡಗಿತು.

ಪೇರ್ಲ್ಯಾಂಡಿನ ನೋಡುಗರಿಗೆ ಲಂಡನ್ನಿನ ಗೇಲಿ ಸುಲಭವಾಗಿ ದಕ್ಕುವುದಕ್ಕೆ ಕಾರಣವಿದೆ. ಅಲ್ಲಿನ ಪ್ರಧಾನಿಗೆ ಅವರು ಮತ ಹಾಕಿಲ್ಲ, ಅಲ್ಲಿನ ಪಕ್ಷಕ್ಕೆ ಚಂದಾ ಕೊಟ್ಟಿಲ್ಲ, ಅಲ್ಲಿನ ನಾಯಕನ ಭಾವಚಿತ್ರದ ಪಕ್ಕ ನಿಂತು ಫೋಟೊ ತೆಗೆಸಿಕೊಂಡಿಲ್ಲ. ಬಾಣ ತಾಗುವ ಎದೆ ಬೇರೆಯವರದು. ಅಂಥ ನಗುವಿಗೆ ಬೆಲೆ ತೆರಬೇಕಾಗಿಲ್ಲ. ಬೆಲೆ ತೆರಬೇಕಾದ ಸಂದರ್ಭವೊಂದು ಅವರ ಮನೆಯಿಂದ ಬಹಳ ದೂರವೇನಲ್ಲದ ಜಾಗದಲ್ಲಿಯೇ ಒದಗಿಬಂದಿತ್ತು.

2019ರ ಸೆಪ್ಟೆಂಬರ್ 22ರಂದು ಹ್ಯೂಸ್ಟನ್ನಿನ ಎನ್ಆರ್‌ಜಿ ಕ್ರೀಡಾಂಗಣದಲ್ಲಿ ‘ಹೌಡಿ ಮೋದಿ’ ಸಮಾವೇಶ ನಡೆಯಿತು. ಐವತ್ತು ಸಾವಿರದಷ್ಟು ಜನ ಸೇರಿದ್ದರು. ವೇದಿಕೆಯಲ್ಲಿ ಅಮೆರಿಕದ ಅಧ್ಯಕ್ಷ ಟ್ರಂಪ್ ಕೂಡ ಇದ್ದರು. ‘ಹೌಡಿ’ ಎಂಬ ಕುಶಲಪ್ರಶ್ನೆಗೆ ಪ್ರಧಾನಿ ನರೇಂದ್ರ ಮೋದಿಯವರು ಭಾರತದ ಹಲವು ಭಾಷೆಗಳಲ್ಲಿ ಉತ್ತರಿಸಿದರು. ಕನ್ನಡದ ಪಾಲಿಗೆ ಬಂದ ಉತ್ತರ: “ಎಲ್ಲಾ ಚೆನ್ನಾಗಿದೆ.” ಕ್ರೀಡಾಂಗಣ ಹರ್ಷೋದ್ಗಾರ ಮಾಡಿತು. ಕಾಶ್ಮೀರದಲ್ಲಿ ಮೊಬೈಲ್ ಮತ್ತು ಅಂತರ್ಜಾಲ ಸಂಪರ್ಕ ಕಡಿದುಹೋಗಿ ಆಗ ಸುಮಾರು ಏಳು ವಾರ. ಅಲ್ಲಿನ ಮಾಜಿ ಮುಖ್ಯಮಂತ್ರಿಗಳು ಬಂಧನದಲ್ಲಿದ್ದರು. ಕ್ರೀಡಾಂಗಣದ ಹೊರಗೆ ಪ್ರತಿಭಟನಕಾರರೂ ಇದ್ದರು.

ಆ ದಿನ ಹಾಸ್ಯಗಾರ ಹಸನ್ ಮಿನ್ಹಾಜ್ ಕೂಡ ಅಲ್ಲಿಗೆ ಬಂದಿದ್ದರು. ಅದೇ ವರ್ಷದ ಮಾರ್ಚ್‌ನಲ್ಲಿ ನೆಟ್‌ಫ್ಲಿಕ್ಸಿನ ತಮ್ಮ ‘ಪೇಟ್ರಿಯಟ್ ಆ್ಯಕ್ಟ್’ ಕಾರ್ಯಕ್ರಮದಲ್ಲಿ ಅವರು ಭಾರತದ ಚುನಾವಣೆಯ ಕುರಿತು ಮಾತನಾಡಿ ಅನಿವಾಸಿಗಳ ಸಿಟ್ಟಿಗೆ ಗುರಿಯಾಗಿದ್ದರು. ಹ್ಯೂಸ್ಟನ್ನಿನಲ್ಲಿ ಅವರಿಗೆ ಪ್ರವೇಶ ಸಿಗಲಿಲ್ಲ. ಪ್ರಧಾನಿಯ ಬಗ್ಗೆ ಆಡಿದ ಮಾತುಗಳೇ ಅದಕ್ಕೆ ಕಾರಣವೆಂದು ಅವರು ಆಮೇಲೆ ಹೇಳಿದರು. ಐದು ತಿಂಗಳು ಕಳೆದು, 2020ರ ಫೆಬ್ರವರಿಯಲ್ಲಿ, ಇಂಗ್ಲೆಂಡಿನಲ್ಲಿ ಹುಟ್ಟಿದ ಜಾನ್ ಆಲಿವರ್ ಮೋದಿಯವರ ಬಗ್ಗೆ ಮಾಡಿದ ಕಂತನ್ನು ಭಾರತದ ಹಾಟ್‌ಸ್ಟಾರ್ ಪ್ರಸಾರ ಮಾಡಲೇ ಇಲ್ಲ. ಬ್ರಿಟನ್ನಿನ ಪ್ರಧಾನಿಯನ್ನು ಗೇಲಿ ಮಾಡಿದಾಗ ‘ಎಂಥ ಪ್ರಜಾಪ್ರಭುತ್ವ’ ಎಂದು ಹೊಗಳಿದ ಬಾಯಿಗಳಿಂದಲೇ ಆಗ ‘ಭಾರತದ ಮಾನ ಹರಾಜು ಹಾಕುತ್ತಿದ್ದಾರೆ’ ಎಂಬ ಆಕ್ಷೇಪ ಕೇಳಿಬಂತು. ‘ಎಲ್ಲಾ ಚೆನ್ನಾಗಿದೆ’ ಎಂಬಂಥ ಮಾತನ್ನು ಒರೆಗೆ ಹಚ್ಚುವುದಕ್ಕಾಗಿಯೇ ವಿಡಂಬನೆ ಹುಟ್ಟಿದ್ದು. ಆ ಮಾತಿಗೆ ಚಪ್ಪಾಳೆ ತಟ್ಟಿದವರಿಗೆ ಒರೆಗಲ್ಲೇ ದ್ರೋಹಿಯಂತೆ ಕಂಡಿತು.

ಹಾಗೆಂದು ನೋಡುಗರ ಸಿಟ್ಟೆಲ್ಲವೂ ಸುಳ್ಳು ಸಿಟ್ಟಲ್ಲ. ಪರದೇಶದಲ್ಲಿ ಬಣ್ಣದ ಕಾರಣಕ್ಕೆ, ಉಚ್ಚಾರಣೆಯ ಕಾರಣಕ್ಕೆ ಗೇಲಿಗೊಳಗಾಗಿ ಬದುಕಿದವರಿಗೆ ತಾಯ್ನಾಡಿನ ಬಗ್ಗೆ ಇಂಗ್ಲಿಷಿನಲ್ಲಿ ಆಡಿದ ಕುಹಕ ನೋವು ತರುವುದು ಸಹಜ. ಕನ್ನಡಿಗರಿಗೆ ಇದರ ಅನುಭವ ಮನೆಯೊಳಗೇ ಇದೆ. 1996ರಲ್ಲಿ ಎಚ್.ಡಿ. ದೇವೇಗೌಡರು ಪ್ರಧಾನಿಯಾದಾಗ ದೆಹಲಿಯ ಇಂಗ್ಲಿಷ್ ಪತ್ರಿಕೆಗಳು ಅವರ ತೂಕಡಿಕೆ, ಅವರ ಹಿಂದಿ, ಅವರ ರೈತ ಹಿನ್ನೆಲೆಗಳನ್ನು ನಗೆಪಾಟಲು ಮಾಡಿದವು. ಅವರ ರಾಜಕೀಯವನ್ನು ಒಪ್ಪದ ಕನ್ನಡಿಗರಿಗೂ ಆ ನಗುವಿನಲ್ಲಿ ಮೇಲುಜಾತಿ, ಮೇಲುವರ್ಗದ ತಾತ್ಸಾರ ಕಂಡಿತು. ಆ ಸಿಟ್ಟಿಗೆ ಆಧಾರವಿತ್ತು. ಆದ್ದರಿಂದ ಕೇಳಬೇಕಾದ ಪ್ರಶ್ನೆ ‘ಗೇಲಿ ನೋವು ತಂದಿತೇ?’ ಎಂಬುದಲ್ಲ. ನಾಯಕ ಅಧಿಕಾರದಲ್ಲಿ ಕುಳಿತು ಮಾಡಿದ್ದನ್ನು ನಗಲಾಗುತ್ತಿದೆಯೇ, ಅವನು ಹುಟ್ಟಿದ ಮನೆಯನ್ನು ನಗಲಾಗುತ್ತಿದೆಯೇ ಎಂಬುದು. ಹ್ಯೂಸ್ಟನ್ನಿನಲ್ಲಿ ಬೆಳೆದು, ಆಸ್ಟಿನ್ನಿನ ‘ಟೆಕ್ಸಾಸ್ ಅಬ್ಸರ್ವರ್’ ಪತ್ರಿಕೆಯ ಸಹಸಂಪಾದಕಿಯಾಗಿದ್ದ ಅಂಕಣಕಾರ್ತಿ ಮಾಲಿ ಐವಿನ್ಸ್ ಜೀವಮಾನವಿಡೀ ಪ್ರತಿಪಾದಿಸಿದ್ದು ಇದನ್ನೇ: ವಿಡಂಬನೆ ಬಲಹೀನರ ಆಯುಧ, ಬಲಹೀನರ ಮೇಲೆಯೇ ಅದನ್ನು ಬೀಸಿದರೆ ಅದು ಕ್ರೌರ್ಯ.

ಈ ಅಳತೆಗೋಲು ಪ್ರಗತಿಪರ ನೋಡುಗರನ್ನೂ ಬಿಡುವುದಿಲ್ಲ. ಅವರ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹರಿದಾಡುವ ಹಾಸ್ಯದಲ್ಲಿ ಮಂತ್ರಿಗಳ ಇಂಗ್ಲಿಷ್ ತಪ್ಪುಗಳಿಗೆ, ‘ಅವಿದ್ಯಾವಂತ ಮತದಾರ’ನಿಗೆ ಎಷ್ಟು ಪಾಲಿದೆ, ಕಾಯ್ದೆ ಮತ್ತು ಆಯವ್ಯಯಗಳಿಗೆ ಎಷ್ಟು ಪಾಲಿದೆ ಎಂದು ಎಣಿಸಿ ನೋಡಿದರೆ ಸಮಾಧಾನದ ಲೆಕ್ಕ ಸಿಗಲಾರದು. ನಗುವಿಗೆ ಇನ್ನೊಂದು ಅಪಾಯವೂ ಇದೆ. ಬೋರಿಸ್ ಜಾನ್ಸನ್ ‘ಹ್ಯಾವ್ ಐ ಗಾಟ್ ನ್ಯೂಸ್ ಫಾರ್ ಯೂ’ಗೆ ಮೊದಲು ಬಂದದ್ದು 1998ರಲ್ಲಿ. ತಡವರಿಸುವ ಮಾತು, ಕೆದರಿದ ಕೂದಲಿನ ಆ ಅತಿಥಿಯನ್ನು ನೋಡುಗರು ಮೆಚ್ಚಿದರು. ಆಮೇಲೆ ಅವರು ನಿರೂಪಕರ ಕುರ್ಚಿಯಲ್ಲೂ ಹಲವು ಬಾರಿ ಕುಳಿತರು. 2019ರಲ್ಲಿ ಪ್ರಧಾನಿಯಾದರು. ಗೇಲಿ ಅವರನ್ನು ಕುಗ್ಗಿಸಲಿಲ್ಲ, ‘ಬೋರಿಸ್’ ಎಂದು ಹೆಸರು ಹಿಡಿದು ಕರೆಯುವಷ್ಟು ಆತ್ಮೀಯರನ್ನಾಗಿಸಿತು. ಕಾದಂಬರಿಕಾರ ಜೊನಾಥನ್ ಕೋ 2013ರಲ್ಲಿಯೇ ‘ಲಂಡನ್ ರಿವ್ಯೂ ಆಫ್ ಬುಕ್ಸ್’ನಲ್ಲಿ ಇದರ ಬಗ್ಗೆ ಎಚ್ಚರಿಸಿದ್ದರು. ಎಲ್ಲ ರಾಜಕಾರಣಿಗಳೂ ನಗೆಪಾಟಲಿನ ವಸ್ತುಗಳೇ ಎಂದು ನಗುತ್ತಾ ಕೂತ ಸಮಾಜಕ್ಕೆ, ಮೊದಲೇ ತನ್ನನ್ನು ತಾನು ನಗೆಪಾಟಲು ಮಾಡಿಕೊಂಡವನನ್ನು ಪ್ರಶ್ನಿಸಲು ಏನೂ ಉಳಿಯುವುದಿಲ್ಲ. ವಾರಕ್ಕೊಮ್ಮೆ ನಕ್ಕು ಹಗುರಾದ ಮನಸ್ಸು ವಾರವಿಡೀ ಸುಮ್ಮನಿರಲು ಅನುಮತಿ ಪಡೆದಂತೆ.

ಹಾಗಾದರೆ ಎಂಥ ನಗು ಬೇಕು? ಉತ್ತರಕ್ಕಾಗಿ ಲಂಡನ್ನಿಗೇ ಹೋಗಬೇಕಾಗಿಲ್ಲ. ಮಾಸ್ಟರ್ ಹಿರಣ್ಣಯ್ಯನವರ (1934–2019) ‘ಲಂಚಾವತಾರ’ ದಶಕಗಳ ಕಾಲ ಕರ್ನಾಟಕದ ಊರೂರುಗಳಲ್ಲಿ ಪ್ರಯೋಗ ಕಂಡ ನಾಟಕ. ಆಯಾ ದಿನದ ಸುದ್ದಿಯನ್ನು ಅವರು ಸಂಭಾಷಣೆಯೊಳಗೆ ಎಳೆದುತರುತ್ತಿದ್ದರು. ಮುಂದಿನ ಸಾಲಿನಲ್ಲಿ ಮಂತ್ರಿಗಳಿದ್ದರೆ ಮಾತಿನ ಮೊನೆ ಇನ್ನಷ್ಟು ಹರಿತವಾಗುತ್ತಿತ್ತು. ಅಷ್ಟೇ ಅಲ್ಲ, ಲಂಚ ತಿಂದವನ ಜೊತೆಗೆ ಲಂಚ ಕೊಟ್ಟವನನ್ನೂ, ಅಂದರೆ ಟಿಕೆಟ್ ಕೊಂಡು ಕುಳಿತವನನ್ನೂ, ಅವರು ಬಿಡುತ್ತಿರಲಿಲ್ಲ. ಇನ್ನು ಕರಾವಳಿ ಮತ್ತು ಕಾಸರಗೋಡಿನ ತಾಳಮದ್ದಳೆಯಂತೂ ಟಿ.ವಿ. ಹುಟ್ಟುವ ಮೊದಲೇ ಇದ್ದ ‘ಪ್ಯಾನೆಲ್’ ಕಾರ್ಯಕ್ರಮ. ವೇಷವಿಲ್ಲ, ಕುಣಿತವಿಲ್ಲ, ಅರ್ಥಧಾರಿಗಳು ಎದುರುಬದುರು ಕುಳಿತು ಆಶುವಾಗಿ ವಾದಿಸುತ್ತಾರೆ. ‘ಕೃಷ್ಣ ಸಂಧಾನ’ದಲ್ಲಿ ಕೌರವ ಕೃಷ್ಣನನ್ನೇ ಕಟಕಿಯಾಡುತ್ತಾನೆ, ಒಮ್ಮೊಮ್ಮೆ ಆ ಇರುಳಿನ ವಾದದಲ್ಲಿ ಗೆದ್ದೂಬಿಡುತ್ತಾನೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರ ಪ್ರತಿನಾಯಕರ ಅರ್ಥಗಾರಿಕೆಗೆ ತಲೆದೂಗಿದವರು ಭಕ್ತರೇ. ದೇವರಿಗೆ ಎದುರುತ್ತರ ಕೊಡುವುದನ್ನು ಕೇಳಿ ಬೆಳೆದ ಕಿವಿಗಳಿಗೆ ಪ್ರಧಾನಿಗೋ ಮುಖ್ಯಮಂತ್ರಿಗೋ ಕೊಟ್ಟ ಎದುರುತ್ತರ ಅಸಹನೀಯವಾಗಬಾರದಿತ್ತು.

ಆಗಿರುವುದಕ್ಕೆ ಭಯವೂ ಕಾರಣ. ಅದನ್ನು ಹೇಡಿತನವೆಂದು ತಳ್ಳಿಹಾಕುವುದು ಅನ್ಯಾಯ. 2021ರ ನವೆಂಬರ್‌ನಲ್ಲಿ ಬೆಂಗಳೂರಿನ ಪೊಲೀಸರು ಮುನವ್ವರ್ ಫಾರೂಕಿಯ ಹಾಸ್ಯ ಪ್ರದರ್ಶನಕ್ಕೆ ಅನುಮತಿ ನಿರಾಕರಿಸಿದರು. ಅದೇ ವರ್ಷದ ಜನವರಿಯಲ್ಲಿ ಇಂದೋರಿನಲ್ಲಿ ಆಡದ ಮಾತಿಗಾಗಿ ಆತ ಒಂದು ತಿಂಗಳಿಗೂ ಮೀರಿ ಸೆರೆವಾಸ ಅನುಭವಿಸಿದ್ದ. ಮರುವರ್ಷ ಮಲ್ಲೇಶ್ವರದಲ್ಲಿ ನಡೆಯಬೇಕಿದ್ದ ವೀರ್ ದಾಸ್ ಪ್ರದರ್ಶನವೂ ರದ್ದಾಯಿತು. 2024ರ ಫೆಬ್ರವರಿಯಲ್ಲಿ ಸಂವಿಧಾನ ಕುರಿತ ಸಮಾವೇಶಕ್ಕೆ ಕರ್ನಾಟಕ ಸರ್ಕಾರವೇ ಆಹ್ವಾನಿಸಿದ್ದ ಪ್ರಾಧ್ಯಾಪಕಿ ನಿತಾಶಾ ಕೌಲ್ ಅವರನ್ನು ಬೆಂಗಳೂರಿನ ವಿಮಾನ ನಿಲ್ದಾಣದಿಂದಲೇ ಲಂಡನ್ನಿಗೆ ವಾಪಸು ಕಳಿಸಲಾಯಿತು. 2025ರಲ್ಲಿ ಅವರ ಒಸಿಐ ಕಾರ್ಡೂ ರದ್ದಾಯಿತು. ಊರಿನಲ್ಲಿ ವಯಸ್ಸಾದ ತಾಯಿ ಇರುವ ಅನಿವಾಸಿಗೆ ಈ ಸುದ್ದಿಗಳ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಇತ್ತ ಅಮೆರಿಕದ ನೆಲವೂ ಮೊದಲಿನಷ್ಟು ಗಟ್ಟಿಯಾಗಿ ಉಳಿದಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಜಿಮ್ಮಿ ಕಿಮ್ಮೆಲ್ ಆಡಿದ ಮಾತೊಂದಕ್ಕೆ ಪ್ರಸಾರ ಆಯೋಗದ ಅಧ್ಯಕ್ಷರು ಬಹಿರಂಗ ಎಚ್ಚರಿಕೆ ಕೊಟ್ಟರು. ಆ ಕಾರ್ಯಕ್ರಮವನ್ನು ತಮ್ಮ ಕೇಂದ್ರಗಳಿಂದ ತೆಗೆಯುವುದಾಗಿ ಘೋಷಿಸಿದವರಲ್ಲಿ ನೆಕ್ಸ್‌ಸ್ಟಾರ್ ಕಂಪನಿ ಮೊದಲ ಸಾಲಿನಲ್ಲಿತ್ತು. ಅದರ ಮುಖ್ಯ ಕಚೇರಿ ಇರುವುದು ಡಾಲಸ್ ಪಕ್ಕದ ಅರ್ವಿಂಗ್‌ನಲ್ಲಿ. ನೋಡುಗರು ತಿರುಗಿಬಿದ್ದರು, ಚಂದಾ ರದ್ದು ಮಾಡಿದರು, ಬೀದಿಯಲ್ಲಿ ನಿಂತರು. ಒಂದು ವಾರದೊಳಗೆ ಕಿಮ್ಮೆಲ್ ಪರದೆಗೆ ಮರಳಿದರು. ಅದೇ ವರ್ಷ ವೀಸಾ ಅರ್ಜಿದಾರರ ಸಾಮಾಜಿಕ ಜಾಲತಾಣದ ಖಾತೆಗಳ ತಪಾಸಣೆ ಮೊದಲು ವಿದ್ಯಾರ್ಥಿಗಳಿಗೆ, ಡಿಸೆಂಬರ್‌ನಲ್ಲಿ ಎಚ್-1ಬಿ ನೌಕರರಿಗೂ ವಿಸ್ತರಿಸಿತು. ಹೀಗೆ ಎರಡೂ ಕಡೆಯ ಬಾಗಿಲು ಕಾಯುವವರಿಗೆ ನಗುವೇ ಸಾಕ್ಷ್ಯವಾಗಬಹುದಾದ ಕಾಲ ಇದು.

ಈ ಭಯ ಎಲ್ಲರಿಗೂ ಸಮವಾಗಿಲ್ಲ ಎಂಬುದರಲ್ಲೇ ಹೊಣೆಗಾರಿಕೆಯ ಸುಳಿವಿದೆ. ವೀಸಾದ ಸರದಿಯಲ್ಲಿ ನಿಂತ ಇಪ್ಪತ್ತಾರರ ಇಂಜಿನಿಯರ್ ಮೌನವಾಗಿರುವುದಕ್ಕೂ, ಪೌರತ್ವ ಪಡೆದು ಇಪ್ಪತ್ತು ವರ್ಷ ಕಳೆದು, ಮನೆಯ ಸಾಲ ತೀರಿಸಿ, ಚುನಾವಣೆಗೆ ಚಂದಾ ಕೊಡುವ ಹಿರಿಯರು ಮೌನವಾಗಿರುವುದಕ್ಕೂ ವ್ಯತ್ಯಾಸವಿದೆ. ಎರಡನೆಯವರ ಮೌನಕ್ಕೆ ಕನ್ನಡ ಕೂಟಗಳಲ್ಲಿ ಒಂದು ಗೌರವದ ಹೆಸರಿದೆ: “ಇಲ್ಲಿ ರಾಜಕೀಯ ಬೇಡ.” ತೆರಿಗೆ ವಿನಾಯಿತಿಯ ಕಾನೂನನ್ನು ಅದಕ್ಕೆ ಆಧಾರವಾಗಿ ತೋರಿಸುವುದೂ ಉಂಟು. ಆ ಕಾನೂನು ತಡೆಯುವುದು ಚುನಾವಣೆಯಲ್ಲಿ ಅಭ್ಯರ್ಥಿಗಳ ಪರ ಅಥವಾ ವಿರುದ್ಧ ಸಂಸ್ಥೆ ಪ್ರಚಾರ ಮಾಡುವುದನ್ನು. ಸಾರ್ವಜನಿಕ ವಿಷಯಗಳನ್ನು ಚರ್ಚಿಸುವುದನ್ನಾಗಲಿ, ಅವುಗಳ ಬಗ್ಗೆ ನಗುವುದನ್ನಾಗಲಿ ಅದು ನಿಷೇಧಿಸಿಲ್ಲ. ರಾಜ್ಯೋತ್ಸವದ ‘ನಗೆಹಬ್ಬ’ಗಳಲ್ಲಿ ಹೆಂಡತಿಯ ಅಡುಗೆ, ಅತ್ತೆಯ ಜಗಳ, ಗಂಡನ ಬೊಜ್ಜು ಮಾತ್ರ ಹಾಸ್ಯವಾಗಿ ಉಳಿದಿದ್ದರೆ ಅದಕ್ಕೆ ಕಾನೂನು ಕಾರಣವಲ್ಲ. ಮನೆಯೊಳಗಿನ ಹೆಂಗಸನ್ನು ನಗುವುದು ಸುರಕ್ಷಿತ, ಮುಂದಿನ ಸಾಲಿನ ದಾನಿಯನ್ನು ನಗುವುದು ದುಬಾರಿ ಎಂಬ ಲೆಕ್ಕಾಚಾರ ಕಾರಣ. ಅದೂ ರಾಜಕೀಯವೇ.

ಮುಂದಿನ ರಾಜ್ಯೋತ್ಸವಕ್ಕೆ ಹ್ಯೂಸ್ಟನ್, ಡಾಲಸ್, ಆಸ್ಟಿನ್‌ಗಳ ಕನ್ನಡಿಗರು ಒಂದು ತಾಳಮದ್ದಳೆ ಏರ್ಪಡಿಸಲಿ. ನಾಲ್ಕು ಕುರ್ಚಿ, ವರ್ಷದ ಸುದ್ದಿ, ಎರಡು ಪಕ್ಷ. ಬೆಂಗಳೂರಿನ ಸರ್ಕಾರ, ದೆಹಲಿಯ ಸರ್ಕಾರ, ವಾಷಿಂಗ್ಟನ್ನಿನ ಸರ್ಕಾರ ಮೂರಕ್ಕೂ ಸಮಪಾಲಿರಲಿ. ಒಂದು ಸುತ್ತು ಸಭಿಕರಿಗೇ ಮೀಸಲಾಗಿರಲಿ: ಅಮೆರಿಕದಲ್ಲಿ ಅಲ್ಪಸಂಖ್ಯಾತರ ಹಕ್ಕು ಕೇಳಿ ಊರಿನಲ್ಲಿ ಅದನ್ನು ನಿರಾಕರಿಸುವವರಿಗೆ, ದಮನದ ಬಗ್ಗೆ ಉಪನ್ಯಾಸ ಕೊಟ್ಟು ತಮ್ಮ ಬಡಾವಣೆಯ ಶಾಲಾ ಮಂಡಳಿಯ ಚುನಾವಣೆಗೆ ಹೋಗದವರಿಗೆ. ಪೌರತ್ವ ಭದ್ರವಾಗಿರುವವರು ಮೊದಲು ಕುರ್ಚಿಯಲ್ಲಿ ಕೂರಲಿ, ಉಳಿದವರು ಧೈರ್ಯ ಬಂದಾಗ ಬರಲಿ. ಬಾರದ ಗಣ್ಯರ ಹೆಸರಿನಲ್ಲಿ ಮೇಜಿನ ಮೇಲೆ ಒಂದು ಡಬ್ಬಿ ತುಪ್ಪ ಇಟ್ಟರಾಯಿತು.

ಆ ಸಂಜೆ ಯಾರಾದರೂ ಎದ್ದು ಹೊರಗೆ ನಡೆದರೆ ನಡೆಯಲಿ. ಬಾಗಿಲು ತೆರೆದಿರಲಿ, ಅವರು ಮರಳಿ ಬಂದಾಗ ಎದುರುತ್ತರ ಕೊಡಲು ಕುರ್ಚಿಯೂ ಖಾಲಿ ಇರಲಿ. ಆಮೇಲೆ ಯಾರಾದರೂ ಕುಶಲ ಕೇಳಿದರೆ ‘ಎಲ್ಲಾ ಚೆನ್ನಾಗಿದೆ’ ಎನ್ನುವ ಮೊದಲು ಒಂದು ಕ್ಷಣ ನಾಲಗೆ ತಡೆದರೂ ಸಾಕು, ಆ ಸಂಜೆ ಸಾರ್ಥಕ.